ಅಳಿಸಿದ ಕಡತ

ಕಂಪ್ಯೂಟರಿನ ಫೈಲ್ ಎಂಬುದಕ್ಕೆ ಕನ್ನಡದವರು ಕಡತ ಎಂಬ ಹೆಸರು ಕೊಟ್ಟಿದ್ದಾರೆ. ಸರ್ಕಾರಿ ಕಚೇರಿಯ ಕಾಗದದ ಕಟ್ಟಿಗೂ ಅದೇ ಹೆಸರು. ಆದರೆ ಮೂಲದ ಕಡತ ಕಾಗದದ್ದಲ್ಲ, ಬಟ್ಟೆಯದು. ಹತ್ತಿ ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಕಲಸಿ ಎರಡೂ ಕಡೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ ಇಡುತ್ತಿದ್ದರು. ಅದರ ಮೇಲೆ ಬರೆಯುವುದು ಬಳಪದಿಂದ. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಇಂದಿಗೂ ಇವೆ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಮೊದಲ ಸಂಪುಟ ಹೊರಬಂದ ತನ್ನ ಚರಿತ್ರೆಯ ಪುಸ್ತಕದಲ್ಲಿ ಕಡತದ ವರ್ಣನೆ ಮಾಡಿದ್ದಾನೆ. ಸ್ಲೇಟಿನ ಬರಹದಂತೆ ಇದನ್ನೂ ಒರೆಸಿಬಿಡಬಹುದು ಎಂಬುದು ಅವನು ಗಮನಿಸಿದ ಮುಖ್ಯ ಸಂಗತಿ.

ಒರೆಸುವುದು ಅಂದರೇನೆಂದು ನಮ್ಮ ತಲೆಮಾರಿನ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ತೊಂಡೆ ಎಲೆ ಹಿಂಡಿ ಸ್ಲೇಟು ಉಜ್ಜಿದವರು ನಾವು. ಅವಸರವಾದರೆ ಎಂಜಲು, ಇಲ್ಲವೇ ಲಂಗದ ಅಂಚು. ತಪ್ಪು ಲೆಕ್ಕ ಒಮ್ಮೆ ಒರೆಸಿದರೆ ಮಾಸ್ತರರ ಕಣ್ಣಿಗೆ ಬೀಳುವ ಮಾತೇ ಇರಲಿಲ್ಲ. ಈಗಿನ ಕಡತದ ರೀತಿ ಬೇರೆ. ಅದನ್ನು ಅಳಿಸಿದೆವು ಎಂದು ನಾವು ತಿಳಿದುಕೊಳ್ಳುತ್ತೇವೆ, ಅದು ಅಳಿದಿರುವುದಿಲ್ಲ.

ಸಮಾಜ ವಿಜ್ಞಾನದ ಪಾಠ ಹೇಳುವ ನನಗೆ ಕಂಪ್ಯೂಟರಿನ ಹೊಟ್ಟೆಯೊಳಗಿನ ಈ ಸಂಗತಿ ತಿಳಿಯುವಂತಾದದ್ದು ಒಂದು ಗುಜರಿ ವ್ಯಾಪಾರದಿಂದ. ನಾನು ಕೆಲಸ ಮಾಡುತ್ತಿದ್ದ ಒಂದು ಶಾಲೆಯಲ್ಲಿ ಹಳೆಯ ಹನ್ನೊಂದು ಕಂಪ್ಯೂಟರುಗಳನ್ನು ತೂಕಕ್ಕೆ ಹಾಕುವುದೆಂದು ತೀರ್ಮಾನವಾಯಿತು. ಅದರಲ್ಲಿ ಎರಡು ಆಫೀಸಿನವು. ಹತ್ತು ಹನ್ನೆರಡು ವರ್ಷಗಳ ದಾಖಲಾತಿ, ಜಾತಿ ಮತ್ತು ಆದಾಯದ ಪ್ರಮಾಣ ಪತ್ರ, ವಿದ್ಯಾರ್ಥಿ ವೇತನಕ್ಕಾಗಿ ಪಡೆದ ಬ್ಯಾಂಕ್ ಖಾತೆ ಸಂಖ್ಯೆ, ತಂದೆ ತಾಯಿಯರ ಫೋನ್ ನಂಬರು, ಹುಡುಗಿಯರ ಭಾವಚಿತ್ರ ಎಲ್ಲವೂ ಅವುಗಳಲ್ಲಿದ್ದವು. "ಎಲ್ಲಾ ಡಿಲೀಟ್ ಮಾಡಿ ಕಸದ ಬುಟ್ಟೀನೂ ಖಾಲಿ ಮಾಡಿದೀವಿ ಮೇಡಂ, ಇನ್ನೇನು ಚಿಂತೆ" ಎಂದರು ಆಫೀಸಿನವರು.

ನನ್ನ ಸಹೋದ್ಯೋಗಿಯ ಮಗಳು ಡಿಪ್ಲೊಮಾ ಓದಿದವಳು. ರಜೆಗೆಂದು ಬಂದಿದ್ದ ಅವಳು ಇದನ್ನು ಕೇಳಿ ನಕ್ಕಳು. "ಆಂಟಿ, ಡಿಲೀಟ್ ಅಂದರೆ ಅಳಿಸೋದಲ್ಲ, ಹೆಸರು ಹೊಡೆಯೋದು ಅಷ್ಟೆ" ಎಂದಳು. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಆಫೀಸಿನ ಒಂದು ಕಂಪ್ಯೂಟರಿಗೆ ಪುಕ್ಕಟೆ ಸಿಗುವ ಒಂದು ತಂತ್ರಾಂಶ ಹಾಕಿ ಹುಡುಕಿಸಿದಳು. ನಾವು ಚಹಾ ಕುಡಿದು ಬರುವಷ್ಟರಲ್ಲಿ ಪರದೆಯ ತುಂಬ ಫೈಲುಗಳ ಹೆಸರು. ಅವುಗಳಲ್ಲಿ ಒಂದನ್ನು ತೆರೆದಾಗ ನನ್ನ ಕೈಕಾಲು ತಣ್ಣಗಾದವು. ಅದೊಂದು ಪತ್ರ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ಮನೆಯವರು ಗುಟ್ಟಾಗಿ ಮದುವೆ ಗೊತ್ತು ಮಾಡಿದ್ದಾಗ, ಅದನ್ನು ತಡೆಯಿರೆಂದು ಶಾಲೆಯಿಂದ ಅಧಿಕಾರಿಗಳಿಗೆ ಬರೆದದ್ದು. ಹುಡುಗಿಯ ಹೆಸರು, ಊರು, ತಂದೆಯ ಹೆಸರು, ಸುದ್ದಿ ತಂದ ಗೆಳತಿಯ ಹೆಸರು ಎಲ್ಲ ಅದರಲ್ಲಿತ್ತು. ಮುದ್ರಿಸಿ ಕಳಿಸಿದ ದಿನವೇ, ಯಾರ ಕಣ್ಣಿಗೂ ಬೀಳಬಾರದೆಂದು, ಅದನ್ನು ಕಂಪ್ಯೂಟರಿನಿಂದ ಅಳಿಸಿದ್ದರು. ಮದುವೆ ನಿಂತಿತು, ಹುಡುಗಿ ಓದಿ ಈಗ ನರ್ಸ್ ಆಗಿದ್ದಾಳೆ. ಗೆಳತಿ ಅದೇ ಊರಿಗೆ ಸೊಸೆಯಾಗಿ ಹೋಗಿದ್ದಾಳೆ. ಅಳಿಸಿದ ಪತ್ರ ಒಂದಕ್ಷರವೂ ಮಾಸದೆ ನಮ್ಮೆದುರು ನಿಂತಿತ್ತು. ಇನ್ನೆರಡು ದಿನದಲ್ಲಿ ಗುಜರಿಯವನ ಗಾಡಿ ಬರುವುದಿತ್ತು.

ಹೀಗೇಕೆ ಆಗುತ್ತದೆ ಎಂದು ತಿಳಿಯಲು ಶಾಲೆಯ ಗ್ರಂಥಾಲಯವನ್ನೇ ನೆನೆಸಿಕೊಳ್ಳಿ. ಬೀರುವಿನಲ್ಲಿ ಸಾವಿರ ಪುಸ್ತಕ, ಮೇಜಿನ ಮೇಲೊಂದು ರಿಜಿಸ್ಟರು. ಒಂದು ಪುಸ್ತಕ ಬೇಡವೆಂದಾಗ ಗ್ರಂಥಪಾಲಕಿ ರಿಜಿಸ್ಟರಿನಲ್ಲಿ ಅದರ ಹೆಸರಿಗೆ ಗೀಟು ಹಾಕಿ, 'ಈ ಜಾಗ ಖಾಲಿ' ಎಂದು ಬರೆದುಕೊಳ್ಳುತ್ತಾಳೆ. ಪುಸ್ತಕ ಮಾತ್ರ ಬೀರುವಿನಲ್ಲೇ ಇರುತ್ತದೆ. ಹೊಸ ಪುಸ್ತಕ ಬಂದು ಆ ಜಾಗ ಬೇಕಾದಾಗ ಹಳೆಯದನ್ನು ತೆಗೆದು ಹೊಸದನ್ನಿಡುತ್ತಾಳೆ. ಅಲ್ಲಿಯವರೆಗೆ ಬೀರುವನ್ನೇ ತಡಕುವವರಿಗೆ ಅದು ಸಿಕ್ಕೇ ಸಿಗುತ್ತದೆ. ಕಂಪ್ಯೂಟರೂ ಹೀಗೆಯೇ. 1981ರಲ್ಲಿ ಬಂದ ಐಬಿಎಂ ಪಿಸಿಯ ಡಾಸ್ ವ್ಯವಸ್ಥೆಯಲ್ಲಿ ಫೈಲನ್ನು ಅಳಿಸೆಂದರೆ, ಅದರ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಒಂದು ಗುರುತು ಹಾಕಿ, ಅದು ಕೂತ ಸ್ಥಳ ಬಿಡುವಾಗಿದೆ ಎಂದು ಪಟ್ಟಿಯಲ್ಲಿ ಗುರುತಿಸಿಕೊಳ್ಳುತ್ತಿತ್ತು. ನಿಜವಾಗಿ ಅಳಿಸಬೇಕೆಂದರೆ ಆ ಜಾಗದ ಮೇಲೆಲ್ಲ ಬೇರೆ ಏನಾದರೂ ಬರೆಯಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಯಂತ್ರಕ್ಕೆ ಆ ಪುರುಸೊತ್ತು ಬೇಡವಾಗಿತ್ತು.

ಇದರಿಂದ ಉಪಕಾರವೂ ಆಯಿತೆನ್ನಿ. ಅಮೆರಿಕದ ಪೀಟರ್ ನಾರ್ಟನ್ ಎಂಬಾತ 1982ರಲ್ಲಿ, ಕೈತಪ್ಪಿ ಅಳಿಸಿದ ಫೈಲನ್ನು ಮರಳಿ ತರುವ ಸಾಧನವನ್ನು ಮಾಡಿ ಮಾರಾಟಕ್ಕಿಟ್ಟು ಹೆಸರುವಾಸಿಯಾದ. 1984ರಲ್ಲಿ ಆಪಲ್ ಕಂಪೆನಿಯ ಮ್ಯಾಕಿಂಟಾಷ್ ತನ್ನ ಪರದೆಯ ಮೇಲೆ ಕಸದ ಡಬ್ಬಿಯ ಚಿತ್ರ ಇಟ್ಟಿತು. 1995ರ ವಿಂಡೋಸ್ 'ರೀಸೈಕಲ್ ಬಿನ್' ಎಂಬ ಬುಟ್ಟಿ ತಂದಿತು. ನಮ್ಮ ಮನೆಗಳಲ್ಲಿ ಕಸಕ್ಕೆಂದು ಹಾಕಿದ್ದನ್ನು ಅತ್ತೆಯವರು ಮತ್ತೊಮ್ಮೆ ಕೆದಕಿ ನೋಡುತ್ತಿದ್ದರಲ್ಲ, ಹಾಗೆ. ಬುಟ್ಟಿ ಖಾಲಿ ಮಾಡಿದಾಗಲೂ ಆಗುತ್ತಿದ್ದದ್ದು ರಿಜಿಸ್ಟರಿನ ಗೀಟು ಮಾತ್ರ. ಆ ಚಿತ್ರವನ್ನು ನಂಬಿ ಎಲ್ಲ ಹೋಯಿತೆಂದುಕೊಂಡವರು ನಾವು.

ಹೀಗೆ ನಂಬಿ ಕೆಟ್ಟವರು ನಮ್ಮಂಥವರಷ್ಟೇ ಅಲ್ಲ. 1986ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಅವರ ಕಾಲದಲ್ಲಿ ದೊಡ್ಡ ಹಗರಣವೊಂದು ಬಯಲಾಯಿತು. ಇರಾನಿಗೆ ಗುಟ್ಟಾಗಿ ಶಸ್ತ್ರಾಸ್ತ್ರ ಮಾರಿ, ಬಂದ ಹಣದಲ್ಲಿ ಒಂದು ಪಾಲನ್ನು ನಿಕರಾಗುವಾ ದೇಶದ ಬಂಡುಕೋರರಿಗೆ ಕೊಟ್ಟಿದ್ದರು. ಆ ಬಂಡುಕೋರರಿಗೆ ನೆರವಾಗಬಾರದೆಂದು ಅವರ ಸಂಸತ್ತೇ ಕಾನೂನು ಮಾಡಿತ್ತು. ಸುದ್ದಿ ಹೊರಬೀಳುತ್ತಿದ್ದಂತೆ, ನವೆಂಬರ್ ತಿಂಗಳಲ್ಲಿ, ರಾಷ್ಟ್ರೀಯ ಭದ್ರತಾ ಸಲಹೆಗಾರ ಪಾಯಿಂಡೆಕ್ಸ್ಟರ್ ಮತ್ತು ಅವರ ಕೈಕೆಳಗಿನ ಆಲಿವರ್ ನಾರ್ತ್ ತಮ್ಮ ಕಂಪ್ಯೂಟರಿನ ಸಂದೇಶಗಳನ್ನು ಅಳಿಸಲು ಕೂತರು. ಒಟ್ಟಿನಲ್ಲಿ ಐದು ಸಾವಿರಕ್ಕೂ ಮೇಲ್ಪಟ್ಟ ಸಂದೇಶಗಳು. ಇತ್ತ ನಾರ್ತ್ ಅವರ ಕಾರ್ಯದರ್ಶಿ ಫಾನ್ ಹಾಲ್ ಎಂಬ ಯುವತಿ ಕಾಗದಗಳನ್ನು ಯಂತ್ರಕ್ಕೆ ಕೊಟ್ಟು ಚೂರು ಮಾಡಿದಳು. ಕೆಲವನ್ನು ಬಟ್ಟೆಯೊಳಗೂ ಬೂಟಿನೊಳಗೂ ಬಚ್ಚಿಟ್ಟುಕೊಂಡು ಹೊರಗೆ ಸಾಗಿಸಿದಳು. ಚೂರಾದ ಕಾಗದ ಹೋಗಿಯೇ ಹೋಯಿತು. ಕಂಪ್ಯೂಟರಿನ ಸಂದೇಶ ಹೋಗಲಿಲ್ಲ, ಏಕೆಂದರೆ ಯಂತ್ರ ಕೆಟ್ಟರೆ ಇರಲೆಂದು ಸಿಬ್ಬಂದಿ ಆಗಾಗ ಎಲ್ಲದರ ನಕಲನ್ನು ಟೇಪಿನಲ್ಲಿ ಇಡುತ್ತಿದ್ದರು. ತನಿಖೆಯವರು ಆ ಟೇಪುಗಳನ್ನು ತೆಗೆದರು. 1987ರ ವಿಚಾರಣೆಯಲ್ಲಿ ನಾರ್ತ್, ಗುಂಡಿ ಒತ್ತಿದರೆ ಹೋಯಿತೆಂದೇ ತಾವು ನಂಬಿದ್ದಾಗಿ ಹೇಳಿದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1989ರ ಜನವರಿ 20ಕ್ಕೆ ರೇಗನ್ ಅಧಿಕಾರ ಬಿಡಬೇಕಿತ್ತು. ಹೋಗುವ ಮುನ್ನ ಶ್ವೇತಭವನದ ಟೇಪುಗಳನ್ನೆಲ್ಲ ಅಳಿಸಲಿದ್ದಾರೆಂದು ತಿಳಿದು, ಹಿಂದಿನ ದಿನವೇ, 19ರಂದು, ಸ್ಕಾಟ್ ಆರ್ಮ್‌ಸ್ಟ್ರಾಂಗ್ ಎಂಬ ಪತ್ರಕರ್ತ ಮತ್ತು ನ್ಯಾಷನಲ್ ಸೆಕ್ಯುರಿಟಿ ಆರ್ಕೈವ್ ಎಂಬ ಸಂಸ್ಥೆ ನ್ಯಾಯಾಲಯದ ಬಾಗಿಲು ತಟ್ಟಿದರು. ತಡೆಯಾಜ್ಞೆ ಸಿಕ್ಕಿತು. 1993ರಲ್ಲಿ ಮೇಲಿನ ನ್ಯಾಯಾಲಯವೂ, ಕಂಪ್ಯೂಟರಿನ ಪತ್ರಗಳು ಕೂಡ ಸರ್ಕಾರಿ ದಾಖಲೆಯೇ, ಮನಸ್ಸಿಗೆ ಬಂದಂತೆ ಅಳಿಸುವಂತಿಲ್ಲ ಎಂಬುದನ್ನು ಎತ್ತಿಹಿಡಿಯಿತು.

ಇನ್ನೊಂದು ಪ್ರಸಂಗ ಕೇಳಿ. ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಚಿಟಾ ಎಂಬ ಊರಿನ ಸುತ್ತ 1974ರಿಂದ 1991ರವರೆಗೆ ಒಬ್ಬ ಹತ್ತು ಜನರನ್ನು ಕೊಂದಿದ್ದ. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು. ಪೊಲೀಸರಿಗೆ ಸುಳಿವು ಸಿಕ್ಕಿರಲಿಲ್ಲ. 2005ರ ಫೆಬ್ರವರಿಯಲ್ಲಿ ಅವನು ಜಂಭದಿಂದ ಟಿವಿ ಕೇಂದ್ರಕ್ಕೆ ಒಂದು ಫ್ಲಾಪಿ ಕಳಿಸಿದ. ಅದರಲ್ಲಿ ಹಿಂದೆ ಇದ್ದು ಅಳಿಸಿದ್ದ ಒಂದು ಕಡತದ ಶೇಷ ಪೊಲೀಸರಿಗೆ ಸಿಕ್ಕಿತು. ಅದರ ಒಳಗುರುತಿನಲ್ಲಿ ಒಂದು ಚರ್ಚಿನ ಹೆಸರು ಮತ್ತು ಡೆನಿಸ್ ಎಂಬ ಹೆಸರು ಇದ್ದವು. ಕೆಲವೇ ದಿನಗಳಲ್ಲಿ ಡೆನಿಸ್ ರೇಡರ್ ಸೆರೆಯಾದ. ಮೂವತ್ತು ವರ್ಷ ಕಾದ ಮನೆಗಳಿಗೆ ಅಳಿಯದ ಅಕ್ಷರ ನ್ಯಾಯ ಕೊಡಿಸಿತು.

ಇದನ್ನೆಲ್ಲ ಓದುವಾಗ ನನ್ನೊಳಗಿನ ಚರಿತ್ರೆಯ ಟೀಚರಿಗೆ ಖುಷಿಯೇ ಆಗುತ್ತದೆ. ಅಳಿಸುವುದೆಂದರೆ ನಮಗೆ ಸಂಕಟ. ನಮ್ಮ ಶಾಸನಗಳ ಕೊನೆಯಲ್ಲಿ, ಈ ದತ್ತಿಯನ್ನು ಅಳಿದವರಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ ಬರಲಿ ಎಂಬ ಶಾಪ ಇರುವುದನ್ನು ಮಕ್ಕಳಿಗೆ ಹೇಳುತ್ತಲೇ ನಾನು ಮುದುಕಿಯಾಗುತ್ತಿದ್ದೇನೆ. ಹಾಗಿದ್ದರೂ ಆ ಹುಡುಗಿಯ ಪತ್ರವನ್ನು ಕಂಡಾಗ ಅದು ಬೇಗ ಅಳಿಯಲಿ ಎಂದೇ ಮನಸ್ಸು ಬೇಡಿಕೊಂಡಿತು. ಇವೆರಡೂ ಒಟ್ಟಿಗೆ ಹೇಗೆ ಸರಿಯಾದೀತು ಎಂದು ಬಹಳ ದಿನ ಯೋಚಿಸಿದೆ. ನನಗೆ ಹೊಳೆದದ್ದು ಇಷ್ಟು. ಅಧಿಕಾರದಲ್ಲಿರುವವರು ತಾವು ಮಾಡಿದ್ದನ್ನು ಅಳಿಸುವುದು ಒಂದು. ನಮ್ಮನ್ನು ನಂಬಿ ಬೇರೆಯವರು ಕೊಟ್ಟ ಅವರ ಬದುಕಿನ ವಿವರವನ್ನು, ಕೆಲಸ ಮುಗಿದ ಮೇಲೆ ಅಳಿಸುವುದು ಇನ್ನೊಂದು. ಮೊದಲನೆಯದು ಲೆಕ್ಕ ತಪ್ಪಿಸುವುದು, ಎರಡನೆಯದು ನಂಬಿಕೆ ಉಳಿಸಿಕೊಳ್ಳುವುದು. ವಿಚಿತ್ರವೆಂದರೆ ಮೊದಲನೆಯದಕ್ಕೆ ಜನ ರಾತ್ರಿಯೆಲ್ಲ ಕೂತು ಶ್ರಮಪಡುತ್ತಾರೆ. ಎರಡನೆಯದನ್ನು ಗುಜರಿಯವನಿಗೆ ಬಿಡುತ್ತಾರೆ.

ಹಾಗೆ ಬಿಡುವುದು ಎಷ್ಟು ಸಾಮಾನ್ಯ ಎಂಬುದನ್ನು ಅಮೆರಿಕದ ಎಂಐಟಿಯ ಇಬ್ಬರು ವಿದ್ಯಾರ್ಥಿಗಳು, ಗಾರ್ಫಿಂಕಲ್ ಮತ್ತು ಶೆಲಾಟ್, ತೋರಿಸಿಕೊಟ್ಟರು. 2000ದಿಂದ 2002ರ ನಡುವೆ ಅವರು 158 ಹಳೆಯ ಹಾರ್ಡ್ ಡಿಸ್ಕುಗಳನ್ನು ಸೆಕೆಂಡ್‌ಹ್ಯಾಂಡ್ ಕೊಂಡು ತಂದರು. ಕೆಲಸ ಮಾಡುತ್ತಿದ್ದವು 129. ಅವುಗಳಲ್ಲಿ ಸರಿಯಾಗಿ ಅಳಿಸಿದ್ದವು ಕೇವಲ 12. ಮಿಕ್ಕವುಗಳಲ್ಲಿ ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ರೋಗಿಗಳ ವಿವರ, ಖಾಸಗಿ ಪತ್ರಗಳು ಸಿಕ್ಕವು. 2003ರಲ್ಲಿ ಅವರು ಇದನ್ನು ಪ್ರಕಟಿಸಿದ ಮೇಲೆ ಕಚೇರಿಗಳವರು ಸ್ವಲ್ಪ ಎಚ್ಚೆತ್ತರು.

ಹಾಗಾದರೆ ನಿಜವಾಗಿ ಅಳಿಸುವುದು ಹೇಗೆ? ಇದಕ್ಕೂ ಒಂದು ಚರಿತ್ರೆ ಇದೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಪೀಟರ್ ಗುಟ್‌ಮನ್ 1996ರಲ್ಲಿ ಒಂದು ಲೇಖನ ಬರೆದರು. ಡಿಸ್ಕಿನ ಮೇಲೆ ಅಕ್ಷರಗಳು ಕಾಂತಶಕ್ತಿಯ ಗುರುತುಗಳಾಗಿ ನಿಲ್ಲುತ್ತವೆ. ಮೇಲೆ ಬೇರೆ ಬರೆದರೂ ಹಳೆಯದರ ಛಾಯೆ ಸೂಕ್ಷ್ಮವಾಗಿ ಉಳಿಯಬಹುದು, ಆದ್ದರಿಂದ 35 ಸಲ ಬೇರೆ ಬೇರೆ ರೀತಿಯಲ್ಲಿ ಬರೆಯಬೇಕು ಎಂದು ಅವರು ಪಟ್ಟಿ ಕೊಟ್ಟರು. ಜಗತ್ತಿನವರೆಲ್ಲ ಆ 35ನ್ನು ಮಂತ್ರದಂತೆ ಹಿಡಿದುಕೊಂಡರು. ಕೊನೆಗೆ ಗುಟ್‌ಮನ್ನರೇ, ಅದು ಆಗಿನ ನಾನಾ ಬಗೆಯ ಡಿಸ್ಕುಗಳನ್ನೆಲ್ಲ ಲೆಕ್ಕಕ್ಕೆ ಹಿಡಿದು ಹೇಳಿದ್ದು, ಒಂದೇ ಡಿಸ್ಕಿಗೆ 35 ಸಲವೂ ಬೇಕಿಲ್ಲ ಎಂದು ತಿಳಿಹೇಳಬೇಕಾಯಿತು. 2006ರಲ್ಲಿ ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆಯು, 2001ರ ನಂತರದ ಹಾರ್ಡ್ ಡಿಸ್ಕಿಗೆ ಪೂರ್ತಿಯಾಗಿ ಒಂದು ಸಲ ಮೇಲೆ ಬರೆದರೆ ಸಾಕು ಎಂದಿತು. ಸ್ಲೇಟನ್ನು ಒಮ್ಮೆ ಚೆನ್ನಾಗಿ ಒರೆಸಿದರೆ ಸಾಕು, ಮೂಲೆ ಮೂಲೆಯನ್ನೂ ಒರೆಸಬೇಕು, ಅಷ್ಟೆ.

ಅಷ್ಟರಲ್ಲಿ ಸ್ಲೇಟೇ ಬದಲಾಯಿತು. ಪೆನ್‌ಡ್ರೈವು, ಮೊಬೈಲು, ಈಗಿನ ಲ್ಯಾಪ್‌ಟಾಪುಗಳಲ್ಲಿ ತಿರುಗುವ ಡಿಸ್ಕು ಇಲ್ಲ, ಫ್ಲ್ಯಾಶ್ ಎಂಬ ಬಗೆಯ ಚಿಪ್ಪು ಇದೆ. ಜಪಾನಿನ ತೋಷಿಬಾ ಕಂಪೆನಿಯ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ಕಂಡುಹಿಡಿದದ್ದು. ಒಂದೇ ಜಾಗದಲ್ಲಿ ಪದೇ ಪದೇ ಬರೆದರೆ ಈ ಚಿಪ್ಪು ಸವೆಯುತ್ತದೆ. ಅದಕ್ಕೇ ಅದು ಹೊಸ ಬರಹವನ್ನು ಪ್ರತಿ ಸಲ ಬೇರೆ ಕಡೆ ಇಡುತ್ತದೆ. ಒಂದೇ ಹೊಲಕ್ಕೆ ಒತ್ತಡ ಬೀಳದಂತೆ ರೈತ ಬೆಳೆ ಬದಲಿಸಿದಂತೆ. ಹೀಗಾಗಿ ಹಳೆಯದರ ಮೇಲೆಯೇ ಬರೆದೆವೆಂದು ನಾವು ತಿಳಿದರೂ, ಹಳೆಯದು ತನ್ನ ಜಾಗದಲ್ಲಿ ಕೂತಿರುತ್ತದೆ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ವಿಭಾಗದವರು ಪರೀಕ್ಷಿಸಿದಾಗ, ಒಂದೊಂದೇ ಫೈಲನ್ನು ಅಳಿಸುವ ಯಾವ ವಿಧಾನವೂ ಇಂಥ ಡ್ರೈವಿನಲ್ಲಿ ಪೂರ್ತಿ ಫಲಿಸಲಿಲ್ಲ. 2003ರಿಂದ 'ಭದ್ರವಾಗಿ ಕಸ ಖಾಲಿ ಮಾಡು' ಎಂಬ ಸೌಕರ್ಯ ಕೊಟ್ಟಿದ್ದ ಆಪಲ್ ಕಂಪೆನಿ 2015ರಲ್ಲಿ ಅದನ್ನು ತೆಗೆದುಹಾಕಿತು. ಈ ಚಿಪ್ಪುಗಳಲ್ಲಿ ಆ ಮಾತು ಉಳಿಸಿಕೊಳ್ಳಲಾಗದು ಎಂಬುದೇ ಕಾರಣ.

ಈಗಿನ ಉಪಾಯ ಬೇರೆ. ಮೊದಲಿನಿಂದಲೇ ಎಲ್ಲವನ್ನೂ ಗೂಢಲಿಪಿಯಲ್ಲಿ ಬರೆದಿಡುವುದು, ಬೇಡವಾದಾಗ ಅದನ್ನು ಓದುವ ಕೀಲಿಯನ್ನು ನಾಶ ಮಾಡುವುದು. ಪೆಟ್ಟಿಗೆ ಅಲ್ಲೇ ಇದ್ದರೂ ಬೀಗದ ಕೈ ಬಾವಿಗೆ ಬಿದ್ದಂತೆ. 2009ರ ನಂತರದ ಐಫೋನುಗಳೂ ಈಚಿನ ವರ್ಷಗಳ ಆಂಡ್ರಾಯ್ಡ್ ಫೋನುಗಳೂ ಹೀಗೆಯೇ ಕೆಲಸ ಮಾಡುತ್ತವೆ. ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಿ 'ಫ್ಯಾಕ್ಟರಿ ರೀಸೆಟ್' ಮಾಡಿದರೂ ವಿವರ ಉಳಿಯುತ್ತದೆ ಎಂದು 2015ರಲ್ಲಿ ಕೇಂಬ್ರಿಡ್ಜಿನ ಸಂಶೋಧಕರು 21 ಫೋನುಗಳನ್ನು ಪರೀಕ್ಷಿಸಿ ಹೇಳಿದ್ದರು.

ಇಷ್ಟೆಲ್ಲದರ ಮೇಲೆ ಇನ್ನೊಂದು ತೊಡಕು, ನಕಲು. 2013ರ ಜುಲೈನಲ್ಲಿ ಲಂಡನ್ನಿನ ಗಾರ್ಡಿಯನ್ ಪತ್ರಿಕೆಯವರು ಸರ್ಕಾರದ ಒತ್ತಾಯಕ್ಕೆ ಮಣಿದು, ಗೂಢಚಾರ ಇಲಾಖೆಯವರ ಕಣ್ಣೆದುರಿಗೇ, ತಮ್ಮ ನೆಲಮಾಳಿಗೆಯಲ್ಲಿ ಕಂಪ್ಯೂಟರಿನ ಭಾಗಗಳನ್ನು ಗ್ರೈಂಡರಿನಿಂದಲೂ ಡ್ರಿಲ್ಲಿನಿಂದಲೂ ಪುಡಿ ಮಾಡಿದರು. ಎಡ್ವರ್ಡ್ ಸ್ನೋಡೆನ್ ಹೊರತಂದ ಗುಟ್ಟಿನ ದಾಖಲೆಗಳು ಅವುಗಳಲ್ಲಿದ್ದವು. ಪುಡಿಯೇನೋ ಆಯಿತು, ಆದರೆ ಅವುಗಳ ನಕಲು ಬೇರೆ ದೇಶಗಳಲ್ಲಿ ಭದ್ರವಾಗಿತ್ತು, ಸುದ್ದಿ ಬರುತ್ತಲೇ ಹೋಯಿತು.

ನಮ್ಮಲ್ಲಿಯೂ ನ್ಯಾಯಾಲಯಗಳು ಈ ವಿಷಯವನ್ನು ಮುಟ್ಟಿವೆ. 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಒಬ್ಬ ತಂದೆ ಬಂದಿದ್ದರು. ಮಗಳ ಮದುವೆಗೆ ಸಂಬಂಧಿಸಿದ ಹಳೆಯ ವ್ಯಾಜ್ಯದ ಆದೇಶದಲ್ಲಿ ಅವಳ ಹೆಸರಿತ್ತು, ಇಂಟರ್‌ನೆಟ್ಟಿನಲ್ಲಿ ಹೆಸರು ಹುಡುಕಿದರೆ ಅದು ಎದ್ದು ಬರಬಹುದು ಎಂಬುದು ಅವರ ಭಯ. ಹೆಣ್ಣುಮಕ್ಕಳ ಸೂಕ್ಷ್ಮ ಪ್ರಕರಣಗಳಲ್ಲಿ ಮರೆಯಲ್ಪಡುವ ಹಕ್ಕನ್ನು ಗೌರವಿಸಬೇಕೆಂಬ ಮಾತನ್ನು ನ್ಯಾಯಾಲಯ ಒಪ್ಪಿತು. ಆದರೆ ಆದೇಶದ ದೃಢೀಕೃತ ಪ್ರತಿಯಲ್ಲಿ ಹೆಸರು ಇದ್ದೇ ಇರುತ್ತದೆ ಎಂದೂ ಹೇಳಿತು. ಅದೇ ವರ್ಷ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿದರು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. 2023ರಲ್ಲಿ ಸಂಸತ್ತು ಒಪ್ಪಿದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯಲ್ಲಿ, ನಮ್ಮ ವಿವರವನ್ನು ಅಳಿಸಿ ಎಂದು ಕೇಳುವ ಹಕ್ಕನ್ನೂ ಸೇರಿಸಿದ್ದಾರೆ.

ನಮ್ಮ ಶಾಲೆಯ ಕಂಪ್ಯೂಟರುಗಳ ಕಥೆ ಏನಾಯಿತೆಂದರೆ, ಮುಖ್ಯೋಪಾಧ್ಯಾಯರು ಪತ್ರವನ್ನು ಕಣ್ಣಾರೆ ಕಂಡ ಮೇಲೆ ಗಾಡಿಯವನಿಗೆ ಒಂದು ವಾರ ಬಿಟ್ಟು ಬಾ ಎಂದರು. ಆ ಹುಡುಗಿ ಒಂದೊಂದೇ ಡಿಸ್ಕಿಗೆ ಮೊದಲಿನಿಂದ ಕೊನೆಯವರೆಗೆ ಬರೀ ಸೊನ್ನೆಗಳನ್ನು ಬರೆಸಿದಳು. ಒಂದೊಂದಕ್ಕೂ ಗಂಟೆಗಟ್ಟಲೆ ಹಿಡಿಯಿತು. ಬಳಿಕ ಮತ್ತೆ ಹುಡುಕಿಸಿದಳು, ಏನೂ ಬರಲಿಲ್ಲ. ಮೂರು ಡಿಸ್ಕುಗಳು ತಿರುಗಲೇ ಇಲ್ಲ. ಅವುಗಳನ್ನು ಬಿಚ್ಚಿ ವೆಲ್ಡಿಂಗ್ ಅಂಗಡಿಯವರ ಹತ್ತಿರ ಡ್ರಿಲ್ ಹಾಕಿಸಿದೆವು, ಅಂಗಡಿಯ ಹುಡುಗರು ನಮ್ಮನ್ನು ನೋಡಿ ನಗುತ್ತಿದ್ದರು. ಪತ್ರದ ಸಹಿ ಮಾಡಿದ ಕಾಗದದ ಪ್ರತಿಯನ್ನು ಮಾತ್ರ ನಾವು ಹರಿಯಲಿಲ್ಲ. ಲಕೋಟೆಯಲ್ಲಿ ಅರಗಿನ ಮೊಹರು ಹಾಕಿ ಬೀರುವಿನಲ್ಲಿಟ್ಟರು. ಒಂದು ಶಾಲೆ ಒಬ್ಬ ಹುಡುಗಿಯ ಪರವಾಗಿ ನಿಂತಿತು ಎಂಬುದಕ್ಕೆ ಅದೊಂದೇ ಸಾಕ್ಷಿ, ಅದು ಇರಬೇಕು. ಗುಜರಿಯ ರಾಶಿಯಲ್ಲಿ ಮಾತ್ರ ಇರಬಾರದು.

ಇದನ್ನು ಓದುವ ನಿಮ್ಮಲ್ಲಿ ಹಲವರು ಸ್ವಸಹಾಯ ಸಂಘದ ಲೆಕ್ಕ ಬರೆಯುವವರು, ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು, ಮನೆಯ ಹಳೆಯ ಫೋನನ್ನು ಹೊಸದಕ್ಕೆ ಬದಲಿಸುವವರು ಇದ್ದೀರಿ. ಫೋನು ಕೊಡುವ ಮುನ್ನ ಬೇಕಾದ್ದನ್ನು ಬೇರೆಡೆ ಇಟ್ಟುಕೊಳ್ಳಿ, ಸಿಮ್ಮು ಮತ್ತು ಮೆಮೊರಿ ಕಾರ್ಡು ತೆಗೆದಿಟ್ಟುಕೊಳ್ಳಿ, ಗೂಢಲಿಪಿ ಇದೆಯೇ ಎಂದು ಸೆಟ್ಟಿಂಗಿನಲ್ಲಿ ನೋಡಿ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಮೆಮೊರಿ ಕಾರ್ಡನ್ನು ಯಾರಿಗೂ ಕೊಡಬೇಡಿ, ಬೇಡವಾದರೆ ತುಂಡು ಮಾಡಿ. ಹಳೆಯ ಕಂಪ್ಯೂಟರನ್ನು ಮಾರುವುದಾದರೆ ಡಿಸ್ಕನ್ನು ಪೂರ್ತಿ ಒರೆಸುವವರೆಗೆ ಅಂಗಳ ದಾಟಿಸಬೇಡಿ. ನಿಮ್ಮ ಫೋನಿನಲ್ಲಿ ನಿಮ್ಮದಷ್ಟೇ ಇಲ್ಲ. ಯಾರೋ ಗರ್ಭಿಣಿಯ ವರದಿ, ಯಾರದೋ ಸಾಲದ ಬಾಕಿ, ಯಾರೋ ಅತ್ತುಕೊಂಡು ಕಳಿಸಿದ ಮಾತು ಅದರಲ್ಲಿದೆ. ಅವರು ಅದನ್ನು ಕೊಟ್ಟದ್ದು ನಿಮಗೆ.